ಬೆರಳಿಗೆ ಸಿಗದ ಮರದ ಹೆಸರು

ಪ್ರಶ್ನೆ: ಮಲ್ಲೇಶ್ವರದ ಕೆಲವು ನಿವೃತ್ತರು ಸೇರಿ ನಮ್ಮ ಬಡಾವಣೆಯ ಮರಗಳನ್ನು ಗುರುತಿಸಿ ಒಂದು ಜಾಲತಾಣ ಮಾಡಿಸಿದ್ದೇವೆ. ನಕ್ಷೆಯಲ್ಲಿ ಒಂದೊಂದು ಮರಕ್ಕೂ ಒಂದು ಹಸಿರು ಚುಕ್ಕಿ ಇದೆ. ಮೌಸನ್ನು ಚುಕ್ಕಿಯ ಮೇಲೆ ತಂದರೆ ಮರದ ಹೆಸರು, ಹೂ ಬಿಡುವ ಕಾಲ ಕಾಣುತ್ತದೆ. ಕ್ಲಿಕ್ ಮಾಡಿದರೆ ಚಿತ್ರಗಳ ಪುಟ ತೆರೆಯುತ್ತದೆ. ಚಿತ್ರಗಳಲ್ಲೂ ಸಸ್ಯಶಾಸ್ತ್ರೀಯ ಹೆಸರು ಕಾಣುವುದು ಮೌಸ್ ತಂದಾಗ ಮಾತ್ರ. ಕಂಪ್ಯೂಟರಿನಲ್ಲಿ ಎಲ್ಲ ಚೆನ್ನಾಗಿದೆ, ಮೊಬೈಲ್ ಹಿಡಿದು ಮರದ ಕೆಳಗೆ ನಿಂತವರಿಗೆ ಹೆಸರೇ ಸಿಗುವುದಿಲ್ಲ. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಚುಕ್ಕಿ ಮುಟ್ಟಿದ ಕೂಡಲೇ ಚಿತ್ರಗಳ ಪುಟಕ್ಕೆ ಹೋಗಿಬಿಡುತ್ತದೆ. ನನ್ನ ತಂಗಿಯ ಐಫೋನಿನಲ್ಲಿ ಅದೇ ಚುಕ್ಕಿಯನ್ನು ಎರಡು ಸಲ ಮುಟ್ಟಬೇಕು. ತಾಣ ಮಾಡಿಕೊಟ್ಟ ಹುಡುಗ, ‘ಬೆರಳು ಒತ್ತಿ ಹಿಡಿದರೆ ಹೆಸರು ಬರುವಂತೆ ಮಾಡುತ್ತೇನೆ’ ಎನ್ನುತ್ತಾನೆ. ‘ಕಂಪ್ಯೂಟರಿನಲ್ಲಿ ನೋಡಿ ಎಂದು ಮೇಲೆ ಬರೆದುಬಿಡೋಣ’ ಎಂಬುದು ನಮ್ಮಲ್ಲೇ ಒಬ್ಬರ ಸಲಹೆ. ಯಾವುದು ಸರಿ?

ಉತ್ತರ: ನಮಸ್ಕಾರ. ಎರಡೂ ಬೇಡ. ನಿಮ್ಮ ತಾಣಕ್ಕೆ ಬರುವವರಲ್ಲಿ ಮರದ ಹೆಸರು ತುರ್ತಾಗಿ ಬೇಕಾಗಿರುವುದು ಸಂಪಿಗೆ ರಸ್ತೆಯಲ್ಲೋ ಮಾರ್ಗೋಸಾ ರಸ್ತೆಯಲ್ಲೋ ತಲೆಯೆತ್ತಿ ನೋಡುತ್ತ ನಿಂತವರಿಗೆ. ಅವರನ್ನು ಮನೆಗೆ ಹೋಗಿ ಕಂಪ್ಯೂಟರ್ ಹಾಕಿ ಎಂದರೆ ತಾಣ ಮಾಡಿದ ಉದ್ದೇಶವೇ ಉಳಿಯುವುದಿಲ್ಲ. ಒತ್ತಿ ಹಿಡಿಯುವ ಉಪಾಯ ಏಕೆ ಬೇಡ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಫೋನಿಗೂ ತಂಗಿಯವರ ಫೋನಿಗೂ ಏಕೆ ಈ ವ್ಯತ್ಯಾಸ ಎಂಬುದನ್ನು ನೋಡೋಣ. ಅದು ತಿಳಿದರೆ ಮುಂದಿನದೆಲ್ಲ ಸಲೀಸು.

ಕೈ ಮತ್ತು ಯಂತ್ರದ ಸಂಬಂಧವನ್ನು ಬಿಲ್ ಬಕ್ಸ್‌ಟನ್ ಎಂಬ ಕೆನಡಾದ ಸಂಶೋಧಕರು 1990ರಲ್ಲಿ ಮೂರು ಸ್ಥಿತಿಗಳಾಗಿ ವಿಂಗಡಿಸಿದ್ದರು. ಸರಳವಾಗಿ ಹೇಳುವುದಾದರೆ, ಕೈ ಎಲ್ಲಿದೆ ಎಂಬುದು ಯಂತ್ರಕ್ಕೆ ಗೊತ್ತೇ ಆಗದಿರುವುದು ಒಂದು, ಎಲ್ಲಿದೆ ಎಂದು ಗೊತ್ತಿದ್ದು ಇನ್ನೂ ಏನೂ ಒತ್ತದಿರುವುದು ಇನ್ನೊಂದು, ಒತ್ತಿರುವುದು ಮೂರನೆಯದು. ಮೌಸ್‌ನಲ್ಲಿ ನಡುವಿನ ಸ್ಥಿತಿ ಸದಾ ಇರುತ್ತದೆ. ಬಾಣದ ಗುರುತು ಪರದೆಯ ಮೇಲೆ ಎಲ್ಲಿದ್ದರೂ ಬ್ರೌಸರಿಗೆ ಗೊತ್ತು, ಒತ್ತುವವರೆಗೂ ಅದು ಕಾಯುತ್ತದೆ. ಆ ಕಾಯುವ ಹೊತ್ತನ್ನೇ ಬಳಸಿಕೊಂಡು ಹುಟ್ಟಿದ್ದು ಹೋವರ್, ಅಂದರೆ ಒತ್ತದೆ ಬಾಣವನ್ನು ಮೇಲೆ ತಂದರೇ ಏನಾದರೂ ಕಾಣಿಸುವುದು. ಫೋನಿನ ಪರದೆಯಲ್ಲಿ ಈ ನಡುವಿನ ಸ್ಥಿತಿ ಇಲ್ಲ. ಬೆರಳು ಗಾಜಿಗಿಂತ ಒಂದು ಕೂದಲೆಳೆ ಮೇಲಿದ್ದರೆ ಬ್ರೌಸರಿನ ಪಾಲಿಗೆ ಅದು ಇಲ್ಲವೇ ಇಲ್ಲ. ತಾಗಿದರೆ ಒತ್ತಿದಂತೆಯೇ ಲೆಕ್ಕ.

ಸ್ಮಾರ್ಟ್‌ಫೋನುಗಳು ಬಂದಾಗ ಅದುವರೆಗಿನ ಜಾಲತಾಣಗಳೆಲ್ಲ ಮೌಸನ್ನೇ ನಂಬಿ ಕಟ್ಟಿದವು. ಅವು ಕೆಡದಿರಲೆಂದು ಬ್ರೌಸರ್ ತಯಾರಕರು ಒಂದು ವ್ಯವಸ್ಥೆ ಮಾಡಿದರು. ನೀವು ಬೆರಳಿನಿಂದ ತಟ್ಟಿ ಎತ್ತಿದ ಮೇಲೆ ಬ್ರೌಸರ್ ತಾನಾಗಿಯೇ ಪುಟಕ್ಕೆ ಕೆಲವು ಸಂದೇಶಗಳನ್ನು ಕಳಿಸುತ್ತದೆ: ಮೌಸ್ ಇಲ್ಲಿಗೆ ಬಂತು, ಒತ್ತಲಾಯಿತು, ಬಿಡಲಾಯಿತು, ಕ್ಲಿಕ್ ಆಯಿತು. ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಒಂದರ ಹಿಂದೆ ಒಂದು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಮರದ ಹೆಸರು ತೋರಿಸುವ ಆಜ್ಞೆಯೂ ಚಿತ್ರಗಳ ಪುಟ ತೆರೆಯುವ ಆಜ್ಞೆಯೂ ಒಟ್ಟಿಗೇ ನಡೆದುಹೋಗುತ್ತವೆ. ಹೆಸರು ಬಂದದ್ದು ನಿಜ, ಓದಲು ಪುಟವೇ ಉಳಿದಿರುವುದಿಲ್ಲ. ಐಫೋನಿನ ಸಫಾರಿ ಇಲ್ಲಿ ಇನ್ನೊಂದು ಲೆಕ್ಕ ಹಾಕುತ್ತದೆ. ಮೌಸ್ ಬಂತು ಎಂಬ ಸಂದೇಶಕ್ಕೆ ಪುಟದಲ್ಲಿ ಹೊಸದೇನಾದರೂ ಕಾಣಿಸಿಕೊಂಡರೆ ಓದುಗರು ಅದನ್ನು ನೋಡಲಿ ಎಂದು ಕ್ಲಿಕ್ಕನ್ನು ತಡೆಹಿಡಿಯುತ್ತದೆ. ಆದ್ದರಿಂದ ನಿಮ್ಮ ತಂಗಿ ಎರಡನೆಯ ಸಲ ಮುಟ್ಟಬೇಕಾಗುತ್ತದೆ. ಒಂದೇ ಕೋಡ್, ಎರಡು ಫೋನು, ಎರಡು ನಡತೆ. ಹುಡುಗ ತಪ್ಪು ಮಾಡಿದ್ದಾನೆ ಎಂದುಕೊಳ್ಳಬೇಡಿ. ಇಲ್ಲದ ಸ್ಥಿತಿಯೊಂದನ್ನು ಇದೆ ಎಂದು ತೋರಿಸಲು ಬ್ರೌಸರುಗಳು ಹೀಗೆ ತಮ್ಮ ತಮ್ಮ ಊಹೆಯಂತೆ ನಡೆಯುತ್ತವೆ. ಆ ಊಹೆಯ ಮೇಲೆ ನಾವು ತಾಣ ಕಟ್ಟಬಾರದು, ಅಷ್ಟೇ.

ಇನ್ನು ಚಿತ್ರಗಳ ಸಸ್ಯಶಾಸ್ತ್ರೀಯ ಹೆಸರಿನ ವಿಷಯ. ನಿಮ್ಮ ವಿವರಣೆ ನೋಡಿದರೆ ಅದನ್ನು ಎಚ್‌ಟಿಎಂಎಲ್‌ನ (ಜಾಲಪುಟ ಕಟ್ಟುವ ಭಾಷೆಯ) ‘ಟೈಟಲ್’ ಎಂಬ ಗುಣಲಕ್ಷಣದಲ್ಲಿ ಹಾಕಿರುವಂತಿದೆ. ಮೌಸ್ ತಂದಾಗ ಮೂಡುವ ಚಿಕ್ಕ ಪಟ್ಟಿಯೇ ಅದು. ಮೊಬೈಲ್ ಬ್ರೌಸರುಗಳಲ್ಲಿ ಅದು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಕಂಪ್ಯೂಟರಿನಲ್ಲೂ ಕೀಲಿಮಣೆಯಿಂದ ಮಾತ್ರ ಓಡಾಡುವವರಿಗೆ ಸಿಗುವುದಿಲ್ಲ. ಅಂಧರು ಬಳಸುವ ಸ್ಕ್ರೀನ್ ರೀಡರ್ ಕೆಲವೊಮ್ಮೆ ಓದುತ್ತದೆ, ಕೆಲವೊಮ್ಮೆ ಓದುವುದಿಲ್ಲ. ಎಚ್‌ಟಿಎಂಎಲ್ ಮಾನದಂಡದ ಬರಹದಲ್ಲೇ ಈ ಗುಣಲಕ್ಷಣವನ್ನು ನೆಚ್ಚಿಕೊಳ್ಳಬೇಡಿ ಎಂಬ ಎಚ್ಚರಿಕೆ ಇದೆ. ಹಾಗಿದ್ದೂ ಜನ ಅದನ್ನು ಬಿಡುವುದಿಲ್ಲ, ಒಂದು ಸಾಲಿನಲ್ಲಿ ಕೆಲಸ ಮುಗಿಯುತ್ತದೆ ನೋಡಿ.

ಪರಿಹಾರದ ಮಾತಿಗೆ ಬರುತ್ತೇನೆ. ‘ಹೋವರನ್ನು ಬೆರಳಿಗೆ ಹೊಂದಿಸುವುದು ಹೇಗೆ’ ಎಂದು ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಯನ್ನು ಬದಿಗಿಟ್ಟು, ಈ ಮಾಹಿತಿಯನ್ನು ಬಚ್ಚಿಟ್ಟದ್ದೇಕೆ ಎಂದು ಕೇಳಿಕೊಳ್ಳಿ. ಮೌಸ್ ಕೊಟ್ಟ ಅನುಕೂಲದಿಂದ ನಾವು ಪುಟ ಚೊಕ್ಕಟವಾಗಿ ಕಾಣಲೆಂದು ಬೇಕಾದದ್ದನ್ನೂ ಬೇಡವಾದದ್ದನ್ನೂ ಒಂದೇ ಕಡೆ ತುರುಕಿಟ್ಟಿದ್ದೇವೆ. ಅದನ್ನು ಹೊರಗೆ ತೆಗೆದು ಒಂದೊಂದನ್ನೂ ನೋಡಿದರೆ ಹೆಚ್ಚಿನದು ನೇರವಾಗಿ ಪುಟದ ಮೇಲೆ ಇರಬೇಕಾದದ್ದೇ ಆಗಿರುತ್ತದೆ. ಕೆಲವನ್ನು ಒಂದು ಬಟನ್ನಿನ ಹಿಂದೆ ಇಡಬಹುದು. ಉಳಿದದ್ದನ್ನು ಅಳಿಸಿಹಾಕಿದರೂ ಯಾರೂ ಕೇಳುವುದಿಲ್ಲ. ನಾನು ನೋಡಿರುವ ಮಟ್ಟಿಗೆ, ಈ ವಿಂಗಡಣೆ ಮಾಡದೆ ಕೋಡ್ ತಿದ್ದಲು ಹೊರಟವರು ಹೋವರ್‌ನ ಗೊಂದಲವನ್ನೇ ಟ್ಯಾಪ್‌ನ ಗೊಂದಲವಾಗಿ ಬದಲಾಯಿಸಿರುತ್ತಾರೆ.

ಚಿತ್ರಗಳ ವಿಷಯದಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಹೆಸರನ್ನು ಚಿತ್ರದ ಕೆಳಗೆ ಬರೆಯಿರಿ. ‘ಸಂಪಿಗೆ’ ಎಂದು ದೊಡ್ಡದಾಗಿ, ಅದರ ಕೆಳಗೆ ‘ಮ್ಯಾಗ್ನೋಲಿಯಾ ಚಂಪಕಾ, ಹಳೆಯ ಪುಸ್ತಕಗಳಲ್ಲಿ ಮಿಷೇಲಿಯಾ ಚಂಪಕಾ’ ಎಂದು ಚಿಕ್ಕದಾಗಿ. ಎರಡೂ ಹೆಸರು ಇರಲಿ ಎನ್ನುವುದಕ್ಕೆ ಕಾರಣವಿದೆ. ನಿಮ್ಮ ಓದುಗರಲ್ಲಿ ಹಳೆಯ ಪುಸ್ತಕದಲ್ಲಿ ಓದಿ ಬಂದವರು ಇರುತ್ತಾರೆ, ಅಂಥವರು ಪುಟದಲ್ಲಿ ಹುಡುಕುವಾಗಲೂ ಹಳೆಯ ಹೆಸರನ್ನೇ ಹಾಕುತ್ತಾರೆ. ಎಚ್‌ಟಿಎಂಎಲ್‌ನಲ್ಲಿ ಇದಕ್ಕೆಂದೇ ‘ಫಿಗರ್’ ಮತ್ತು ‘ಫಿಗ್‌ಕ್ಯಾಪ್ಷನ್’ ಎಂಬ ಜೋಡಿ ಇದೆ. ಚಿತ್ರದ ‘ಆಲ್ಟ್’ ಬರಹವೇ ಬೇರೆ ಎಂಬುದು ಹುಡುಗನಿಗೆ ಗೊತ್ತಿರಲಿ. ಆಲ್ಟ್ ಇರುವುದು ಚಿತ್ರ ಕಾಣದವರಿಗಾಗಿ. ‘ಹೊಳೆಯುವ ಹಸಿರು ಎಲೆಗಳ ನಡುವೆ ಕಿತ್ತಳೆ ಬಣ್ಣದ ನೀಳ ಎಸಳುಗಳ ಹೂ’ ಎಂಬಂಥ ಮಾತು ಅಲ್ಲಿರಬೇಕು. ಸಸ್ಯಶಾಸ್ತ್ರೀಯ ಹೆಸರನ್ನು ಅಲ್ಲಿ ಹಾಕಿ ಕೈತೊಳೆದುಕೊಂಡರೆ ಕಾಣುವವರಿಗೆ ಹೆಸರು ಸಿಗುವುದಿಲ್ಲ, ಕಾಣದವರಿಗೆ ಚಿತ್ರ ಸಿಗುವುದಿಲ್ಲ.

ನಕ್ಷೆ ಇಷ್ಟು ಸುಲಭವಲ್ಲ. ನೂರಾರು ಚುಕ್ಕಿಗಳ ಪಕ್ಕದಲ್ಲೂ ಹೆಸರು ಬರೆದರೆ ನಕ್ಷೆಯೇ ಕಾಣದಂತಾಗುತ್ತದೆ. ಇಲ್ಲಿ ಮುಟ್ಟಿದ ಮೇಲೆ ತೋರಿಸುವುದೇ ನ್ಯಾಯ. ಆದರೆ ಒಂದು ಚುಕ್ಕಿಗೆ ಒಂದೇ ಕೆಲಸವಿರಲಿ. ಈಗ ಅದಕ್ಕೆ ಎರಡಿವೆ, ಹೆಸರು ತೋರಿಸುವುದು ಮತ್ತು ಬೇರೆ ಪುಟಕ್ಕೆ ಕರೆದೊಯ್ಯುವುದು. ಎರಡನೆಯದನ್ನು ಚುಕ್ಕಿಯಿಂದ ಕಿತ್ತುಬಿಡಿ. ಚುಕ್ಕಿಯನ್ನು ಮುಟ್ಟಿದರೆ ಪರದೆಯ ಕೆಳಭಾಗದಲ್ಲಿ ಒಂದು ಚೌಕ ತೆರೆಯಲಿ. ಅದರಲ್ಲಿ ‘ಹೊಂಗೆ’ ಎಂಬ ಹೆಸರು, ಹೂ ಬಿಡುವ ಕಾಲ, ‘ಚಿತ್ರಗಳನ್ನು ನೋಡಿ’ ಎಂಬ ಕೊಂಡಿ, ಮುಚ್ಚಲು ಒಂದು ಬಟನ್. ಮೌಸ್ ಇರುವವರಿಗೂ ಇದೇ ಕ್ರಮ ಇರಲಿ. ಅವರೂ ಕ್ಲಿಕ್ ಮಾಡಿ ನೋಡುತ್ತಾರೆ. ಎರಡು ಬಗೆಯ ಓದುಗರಿಗೆ ಎರಡು ಬಗೆಯ ನಡತೆಯನ್ನು ಕಟ್ಟಿದರೆ ಮುಂದೆ ಎರಡನ್ನೂ ಕಾಪಾಡುವ ಹೊಣೆ ನಿಮ್ಮದಾಗುತ್ತದೆ.

ಚೌಕ ಚುಕ್ಕಿಯ ಪಕ್ಕದಲ್ಲೇ ಬರಲಿ ಎಂದು ಹುಡುಗ ಹೇಳಬಹುದು, ಕಂಪ್ಯೂಟರಿನಲ್ಲಿ ಹಾಗೇ ಚೆಂದ. ಫೋನಿನಲ್ಲಿ ಆ ಜಾಗದಲ್ಲಿ ಬೆರಳಿರುತ್ತದೆ. ಬಲಗೈಯವರ ಹೆಬ್ಬೆರಳು ಮುಟ್ಟಿದ ಜಾಗದ ಬಲಕ್ಕೂ ಕೆಳಕ್ಕೂ ಇರುವುದನ್ನೆಲ್ಲ ಮರೆಮಾಡುತ್ತದೆ. ಪರದೆಯ ಅಂಚಿನ ಚುಕ್ಕಿಯಾದರೆ ಚೌಕದ ಅರ್ಧ ಹೊರಗೇ ಹೋಗುತ್ತದೆ. ಕೆಳಭಾಗದಲ್ಲಿ ಒಂದು ಖಾಯಂ ಜಾಗ ಕೊಟ್ಟರೆ ಈ ಎರಡೂ ತಾಪತ್ರಯ ಇಲ್ಲ. ಮುಟ್ಟಿದ ಚುಕ್ಕಿಯ ಬಣ್ಣ ಮತ್ತು ಗಾತ್ರ ಎರಡನ್ನೂ ಬದಲಾಯಿಸಿ, ಯಾವ ಮರದ ವಿವರ ಓದುತ್ತಿದ್ದೇವೆ ಎಂಬುದು ಗೊತ್ತಾಗಲಿ.

ತೆರೆದ ಚೌಕ ಕೆಲವು ಸೆಕೆಂಡುಗಳಲ್ಲಿ ತಾನಾಗಿಯೇ ಮಾಯವಾಗುವಂತೆ ಮಾಡುವ ಚಾಳಿ ಒಂದಿದೆ. ದಯವಿಟ್ಟು ಬೇಡ. ಬಿಸಿಲಿನಲ್ಲಿ ಫೋನಿಗೆ ಕೈ ಅಡ್ಡ ಹಿಡಿದು, ಕನ್ನಡಕ ಸರಿಮಾಡಿಕೊಂಡು ಓದುವವರಿಗೆ ಎಷ್ಟು ಹೊತ್ತು ಬೇಕು ಎಂಬುದನ್ನು ನಾವು ನಿರ್ಧರಿಸಲಾಗದು. ಜಾಲತಾಣಗಳ ಸುಗಮ ಬಳಕೆಗೆ ಜಗತ್ತಿನಾದ್ಯಂತ ಒಪ್ಪಿರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ 2.1ನೇ ಆವೃತ್ತಿ 2018ರಲ್ಲಿ ಬಂದಾಗ, ಹೋವರ್ ಅಥವಾ ಫೋಕಸ್‌ನಿಂದ (ಟ್ಯಾಬ್ ಕೀಲಿ ಒತ್ತುತ್ತ ಒಂದು ವಸ್ತುವಿಗೆ ಬಂದು ನಿಂತಾಗ) ಮೂಡುವ ಮಾಹಿತಿಗೆಂದೇ ಒಂದು ನಿಯಮ ಸೇರಿತು. ಅದರ ಸಂಖ್ಯೆ 1.4.13. ಮೂಡಿದ್ದನ್ನು ಮೌಸ್ ಅಲುಗಿಸದೆ ಮುಚ್ಚಲು ಬರಬೇಕು, ಬಾಣವನ್ನು ಮೂಡಿದ ಬರಹದ ಮೇಲಕ್ಕೆ ಒಯ್ದರೂ ಅದು ಮಾಯವಾಗಬಾರದು, ಓದುಗರು ಮುಚ್ಚುವವರೆಗೆ ಅಥವಾ ಅಲ್ಲಿಂದ ಸರಿಯುವವರೆಗೆ ಉಳಿಯಬೇಕು ಎಂಬುದು ಅದರ ಸಾರ. ನಡುವಿನ ಮಾತು ವಿಚಿತ್ರವೆನಿಸಬಹುದು. ದೃಷ್ಟಿ ಮಂದವಾದವರು ಪರದೆಯನ್ನು ಹಲವು ಪಟ್ಟು ಹಿಗ್ಗಿಸಿಕೊಂಡು ನೋಡುತ್ತಾರೆ. ಅವರಿಗೆ ಒಂದು ಸಲಕ್ಕೆ ಬರಹದ ಒಂದು ಮೂಲೆ ಮಾತ್ರ ಕಾಣುತ್ತದೆ. ಉಳಿದದ್ದನ್ನು ಓದಲು ಬಾಣವನ್ನು ಅದರ ಮೇಲೆಯೇ ಸರಿಸಬೇಕಾಗುತ್ತದೆ. ಸರಿಸಿದ ಕೂಡಲೇ ಬರಹ ಓಡಿಹೋದರೆ ಅವರು ಓದುವುದು ಹೇಗೆ?

ಚುಕ್ಕಿಯ ಗಾತ್ರದ ಬಗ್ಗೆಯೂ ಗಮನವಿರಲಿ. ಅದೇ ಮಾರ್ಗಸೂಚಿಯ 2.2ನೇ ಆವೃತ್ತಿ, 2023ರದ್ದು, ಮುಟ್ಟುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕು ಎನ್ನುತ್ತದೆ. ಇನ್ನೂ ಬಿಗಿಯಾದ ಮಟ್ಟದಲ್ಲಿ 44 ಪಿಕ್ಸೆಲ್. ನಕ್ಷೆಯ ಚುಕ್ಕಿಗಳಂಥವಕ್ಕೆ ಅದರಲ್ಲಿ ಸಡಿಲಿಕೆಯೂ ಇದೆ. ನನ್ನ ಅನುಭವದಲ್ಲಿ ಹಿರಿಯರ ಬೆರಳಿಗೆ 44 ಇದ್ದರೇ ನೆಮ್ಮದಿ. ಚುಕ್ಕಿ ನೋಡಲು ಚಿಕ್ಕದಿದ್ದರೂ ಅದರ ಸುತ್ತ ಕಾಣದ ಜಾಗವನ್ನು ಮುಟ್ಟಲು ಬಿಡಬಹುದು. ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ನಿಂತ ಮರಗಳ ಚುಕ್ಕಿಗಳು ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ‘5 ಮರಗಳು’ ಎಂದು ಒಂದೇ ಗುಂಪಾಗಿ ತೋರಿಸಿ, ಮುಟ್ಟಿದಾಗ ನಕ್ಷೆ ಹಿಗ್ಗಿ ಬೇರೆ ಬೇರೆಯಾಗಲಿ.

ಇಷ್ಟೆಲ್ಲ ಮಾಡಿದರೂ ನಕ್ಷೆಯಿಂದ ಏನೂ ಸಿಗದವರು ಇರುತ್ತಾರೆ. ಅದಕ್ಕೇ ನಕ್ಷೆಯ ಕೆಳಗೆ ರಸ್ತೆವಾರು ಪಟ್ಟಿಯೊಂದು ಇರಲೇಬೇಕು ಎನ್ನುತ್ತೇನೆ. ರಸ್ತೆಯ ಹೆಸರು, ಅದರ ಕೆಳಗೆ ಮರಗಳು, ಪ್ರತಿ ಮರದ ಪಕ್ಕದಲ್ಲಿ ‘ಇಂಥ ಅಂಗಡಿಯ ಎದುರು’ ಎಂಬಂಥ ಗುರುತು. ಅಂಧರಿಗೆ, ಇಂಟರ್‌ನೆಟ್ ನಿಧಾನವಿದ್ದು ನಕ್ಷೆ ತೆರೆಯದವರಿಗೆ, ನಕ್ಷೆ ಓದಲು ಬಾರದವರಿಗೆ ಇದೇ ತಾಣ. ಪಟ್ಟಿಯನ್ನು ‘ಡೀಟೇಲ್ಸ್’ ಮತ್ತು ‘ಸಮರಿ’ ಎಂಬ ಎಚ್‌ಟಿಎಂಎಲ್ ಗುರುತುಗಳಿಂದ ಕಟ್ಟಿದರೆ, ರಸ್ತೆಯ ಹೆಸರು ಮುಟ್ಟಿದಾಗ ಅದರ ಮರಗಳು ಬಿಚ್ಚಿಕೊಳ್ಳುತ್ತವೆ. ಒಂದು ಸಾಲು ಜಾವಾಸ್ಕ್ರಿಪ್ಟ್ ಕೂಡ ಬೇಡ, ಬೆರಳು, ಕೀಲಿಮಣೆ, ಸ್ಕ್ರೀನ್ ರೀಡರ್ ಮೂರಕ್ಕೂ ಹುಟ್ಟಿನಿಂದಲೇ ಒಗ್ಗಿದ ಸಾಧನ ಅದು. ನಿಮ್ಮ ತಾಣದಲ್ಲಿ ಒಂದೇ ಒಂದು ಬದಲಾವಣೆಗೆ ಅವಕಾಶವಿದೆ ಎಂದರೆ ನಾನು ನಕ್ಷೆಯನ್ನು ಮುಟ್ಟದೆ ಈ ಪಟ್ಟಿಯನ್ನೇ ಮಾಡಿಸುತ್ತೇನೆ.

ಒತ್ತಿ ಹಿಡಿಯುವುದು ಏಕೆ ಬೇಡ ಎಂದೆ? ಹಾಗೆ ಒತ್ತಬೇಕು ಎಂಬ ಸುಳಿವು ಪರದೆಯ ಮೇಲೆ ಎಲ್ಲೂ ಇರುವುದಿಲ್ಲ, ಯಾರೋ ಹೇಳಿಕೊಡಬೇಕು. ಜೊತೆಗೆ ಒತ್ತಿ ಹಿಡಿಯುವ ಕ್ರಿಯೆಯನ್ನು ಫೋನು ಆಗಲೇ ತನ್ನ ಕೆಲಸಕ್ಕೆ ಇಟ್ಟುಕೊಂಡಿದೆ, ಬರಹದ ಮೇಲೆ ಒತ್ತಿದರೆ ಪದ ಆಯ್ಕೆಯಾಗುತ್ತದೆ, ಚಿತ್ರದ ಮೇಲೆ ಒತ್ತಿದರೆ ಉಳಿಸಿಕೊಳ್ಳುವ ಪಟ್ಟಿ ಬರುತ್ತದೆ. ಅದರೊಡನೆ ಜಗಳಕ್ಕಿಳಿಯುವ ಕೋಡ್ ಒಂದು ಫೋನಿನಲ್ಲಿ ನಡೆದರೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಕೈ ನಡುಗುವವರಿಗಂತೂ ಬೆರಳನ್ನು ಒಂದೇ ಕಡೆ ಅಲುಗದೆ ಇಡುವುದೇ ಕಷ್ಟ.

ಹುಡುಗ ಇನ್ನೂ ಕೆಲವು ಸುಲಭದ ದಾರಿ ಸೂಚಿಸಬಹುದು, ಅವನಿಗೆ ಇಷ್ಟು ತಿಳಿಸಿ. ಪುಟದ ಅಂದಚೆಂದ ಬರೆಯುವ ಸಿಎಸ್‌ಎಸ್‌ನಲ್ಲಿ ‘ಹೋವರ್’ ಇರುವಲ್ಲೆಲ್ಲ ‘ಫೋಕಸ್’ ಎಂದೂ ಸೇರಿಸಿದರೆ ಸಾಕು ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಕೀಲಿಮಣೆಯವರಿಗೆ ಅದರಿಂದ ಉಪಕಾರವಿದೆ. ಬೆರಳಿಗೆ ನೆಚ್ಚಲಾಗದು. ಮುಟ್ಟಿದ್ದಕ್ಕೆಲ್ಲ ಫೋಕಸ್ ಬರುವುದಿಲ್ಲ, ಸಫಾರಿಯಲ್ಲಿ ಬಟನ್ ಒತ್ತಿದರೂ ಬರುವುದಿಲ್ಲ. ಓದುಗರ ಸಾಧನಕ್ಕೆ ಹೋವರ್ ಶಕ್ತಿ ಇದೆಯೇ ಎಂದು ಕೇಳುವ ಮೀಡಿಯಾ ಕ್ವೆರಿಯೂ ಇದೆ. ಅದರಿಂದ ಬರುವ ಉತ್ತರ ಮುಖ್ಯ ಸಾಧನದ್ದು ಮಾತ್ರ. ಮುಟ್ಟುವ ಪರದೆಯ ಲ್ಯಾಪ್‌ಟಾಪಿನವರು ‘ಮೌಸ್ ಇದೆ’ ಎಂಬ ಲೆಕ್ಕಕ್ಕೆ ಸೇರಿದ್ದರೂ ಬೆರಳಿನಿಂದಲೇ ಮುಟ್ಟುತ್ತಿರಬಹುದು. ಚುಕ್ಕಿಯ ಬಣ್ಣ ತುಸು ಗಾಢವಾಗುವಂಥ ಅಲಂಕಾರಕ್ಕೆ ಆ ಕ್ವೆರಿ ಬಳಸಲಿ, ಮಾಹಿತಿ ಕೊಡುವ ಬಿಡುವ ತೀರ್ಮಾನಕ್ಕೆ ಬೇಡ.

ಚೌಕ ಕಟ್ಟಲು ಈಗ ‘ಪಾಪೋವರ್’ ಎಂಬ ಗುಣಲಕ್ಷಣವೇ ಬಂದಿದೆ. ಕ್ರೋಮ್ ಮತ್ತು ಸಫಾರಿಗೆ 2023ರಲ್ಲಿ, ಫೈರ್‌ಫಾಕ್ಸ್‌ಗೆ 2024ರಲ್ಲಿ ಸೇರಿತು. ಹೊರಗೆ ಮುಟ್ಟಿದರೆ ಮುಚ್ಚುವುದು, ಎಸ್ಕೇಪ್ ಕೀಲಿಗೆ ಮುಚ್ಚುವುದು ಎಲ್ಲ ಅದರೊಳಗೇ ಇದೆ. ಬಹಳ ಹಳೆಯ ಫೋನುಗಳಲ್ಲಿ ಇದು ನಡೆಯದು. ಅಲ್ಲಿ ಕೆಳಗಿನ ಪಟ್ಟಿ ಇದ್ದೇ ಇದೆಯಲ್ಲ. ಒಂದು ಮಾತು ಮಾತ್ರ ಕಡ್ಡಾಯ: ಚುಕ್ಕಿ ನಿಜವಾದ ಬಟನ್ ಆಗಿರಲಿ. ಬರಿಯ ಚಿತ್ರಕ್ಕೆ ಕ್ಲಿಕ್ ಕೋಡ್ ಅಂಟಿಸಿದರೆ ಸ್ಕ್ರೀನ್ ರೀಡರಿಗೆ ಅದು ಒತ್ತುವ ವಸ್ತು ಎಂದೇ ತಿಳಿಯುವುದಿಲ್ಲ. ಬಟನ್ನಿಗೆ ‘ಏರಿಯಾ ಲೇಬಲ್’ (aria-label, ಸ್ಕ್ರೀನ್ ರೀಡರ್ ಓದುವ ಹೆಸರು) ಮೂಲಕ ಹೆಸರು ಕೊಡುವಾಗ ಎಲ್ಲಕ್ಕೂ ‘ಮಾಹಿತಿ’ ಎಂದು ಹಾಕಬೇಡಿ. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಹಾಕಿಕೊಂಡವರಿಗೆ ‘ಮಾಹಿತಿ, ಬಟನ್, ಮಾಹಿತಿ, ಬಟನ್’ ಎಂಬುದೇ ಕೇಳುತ್ತ ಹೋಗುತ್ತದೆ. ‘ಹೊಂಗೆ, ಮಾರ್ಗೋಸಾ ರಸ್ತೆ’ ಎಂದಿರಲಿ.

ಕನ್ನಡದ ತಾಣವಾದ್ದರಿಂದ ಇನ್ನೊಂದು ತೊಡಕು. ಈ ಬಗೆಯ ಚೌಕಗಳ ಸಿದ್ಧ ಕೋಡುಗಳನ್ನು ಇಂಗ್ಲಿಷಿನ ಗಿಡ್ಡ ಸಾಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ಎತ್ತರ ಗೊತ್ತುಮಾಡಿಟ್ಟ ಚೌಕದಲ್ಲಿ ‘ಅಶ್ವತ್ಥ’ ಎಂದು ಬರೆದು ನೋಡಿ, ‘ತ’ದ ಕೆಳಗಿನ ಒತ್ತು ಅರ್ಧ ಕತ್ತರಿಸಿಹೋಗಿರುತ್ತದೆ. ಎತ್ತರವನ್ನು ನಿಗದಿ ಮಾಡದೆ ಬಿಡಿ, ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಬೇಡಿ, ಉದ್ದ ಪದಗಳು ಮುಂದಿನ ಸಾಲಿಗೆ ಹೋಗಲು ಅವಕಾಶವಿರಲಿ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ನಮೂದಿಸುವುದನ್ನು ಮರೆಯಬಾರದು. ಅದಿಲ್ಲದಿದ್ದರೆ ಸ್ಕ್ರೀನ್ ರೀಡರ್ ನಮ್ಮ ಅಕ್ಷರಗಳನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೋಗಿ ತಡವರಿಸಬಹುದು, ಇಲ್ಲವೇ ಬಿಟ್ಟೇಬಿಡಬಹುದು.

ಇಷ್ಟೆಲ್ಲ ಒಂದು ಹವ್ಯಾಸಿ ತಾಣಕ್ಕೆ ಬೇಕೇ ಎಂದು ನಿಮ್ಮ ಗುಂಪಿನಲ್ಲಿ ಯಾರಾದರೂ ಕೇಳಿದರೆ ಒಂದು ಸಂಗತಿ ಹೇಳಿ. ಡಿಜಿಟಲ್ ಸೌಲಭ್ಯಗಳು ಎಲ್ಲರ ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಆ ತೀರ್ಪು ಬಂದದ್ದು ಬ್ಯಾಂಕು ಮುಂತಾದ ಕಡೆಯ ಗುರುತು ಪರಿಶೀಲನೆಯ ವಿಷಯದಲ್ಲಿ. ನಿಮ್ಮ ಮೇಲೆ ಯಾರೂ ದಾವೆ ಹೂಡುವುದಿಲ್ಲ. ಆದರೆ ಊರಿನ ಮರ ಊರಿನವರೆಲ್ಲರದ್ದು. ಅದರ ಹೆಸರು ತಿಳಿಯಲು ಮೌಸ್ ಇರಲೇಬೇಕು ಎಂಬ ಷರತ್ತು ಹಾಕಲು ನಮಗೆ ಮನಸ್ಸು ಬರಬಾರದು.

ಕೆಲಸ ಮುಗಿದ ಮೇಲೆ ಪರೀಕ್ಷೆ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಫೋನಿನಂತೆ ತೋರಿಸುವ ಸೌಲಭ್ಯವಿದೆ. ಪುಟ ಪರದೆಗೆ ಹೊಂದುತ್ತದೆಯೇ ಎಂದು ನೋಡಲು ಅದು ಸಾಕು, ತಂಗಿಯವರ ಐಫೋನಿನ ಎರಡು ಸಲ ಮುಟ್ಟುವ ತೊಂದರೆ ಅಲ್ಲಿ ಕಾಣುವುದಿಲ್ಲ. ನಿಮ್ಮ ಫೋನು, ಅವರ ಫೋನು ಎರಡನ್ನೂ ಹಿಡಿದು ಬೀದಿಗೇ ಹೋಗಿ. ಆಮೇಲೆ ಮನೆಯಲ್ಲಿ ಮೌಸ್ ಕಿತ್ತಿಟ್ಟು, ಟ್ಯಾಬ್ ಕೀಲಿ ಒತ್ತುತ್ತ ಒಂದು ಮರದ ವಿವರ ತೆರೆದು ಮುಚ್ಚಿ ನೋಡಿ. ಕೊನೆಗೆ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಹಾಕಿಕೊಂಡು ಕಣ್ಣು ಮುಚ್ಚಿ ಒಂದು ಮರದ ಹೆಸರು ಹುಡುಕಿ. ಅದರಲ್ಲಿ ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ಒತ್ತಿದಂತೆ. ನಿಮ್ಮ ಗುಂಪಿಗೆ ಪರಿಚಯವಿರುವ ಅಂಧರೊಬ್ಬರು ಬಳಸಿ ನೋಡಿ ಹೇಳಿದರೆ ನಮ್ಮೆಲ್ಲರ ಊಹೆಗಿಂತ ಮೇಲು.

ಕೆಲಸದ ಕ್ರಮ ಹೀಗಿರಲಿ: ಚಿತ್ರಗಳ ಕೆಳಗೆ ಹೆಸರು ಬರೆಯುವುದನ್ನು ಈ ವಾರವೇ ಮಾಡಿಸಿ, ಅದಕ್ಕೆ ಕೌಶಲಕ್ಕಿಂತ ತಾಳ್ಮೆ ಬೇಕು, ನಿಮ್ಮ ಗುಂಪಿನವರೇ ಬರೆದುಕೊಡಬಹುದು. ರಸ್ತೆವಾರು ಪಟ್ಟಿ ಎರಡನೆಯದು. ಗುಲಾಬಿ ಟಬೂಬಿಯಾ ಅರಳಿ ಜನ ರಸ್ತೆಗಿಳಿಯುವ ಜನವರಿಯ ಹೊತ್ತಿಗೆ ಅದು ಸಿದ್ಧವಾಗಲಿ. ನಕ್ಷೆಯ ಚೌಕಕ್ಕೆ ಹುಡುಗ ಸಮಯ ಕೇಳಿದರೆ ಕೊಡಿ. ಅಲ್ಲಿಯವರೆಗೆ ಚುಕ್ಕಿಗಳ ಹೋವರ್ ತೆಗೆಸಿ, ಚುಕ್ಕಿ ಮುಟ್ಟಿದಾಗ ತೆರೆಯುವ ಚಿತ್ರಗಳ ಪುಟದ ತಲೆಯಲ್ಲೇ ಮರದ ಹೆಸರನ್ನೂ ಹೂ ಬಿಡುವ ಕಾಲವನ್ನೂ ದಪ್ಪಕ್ಷರದಲ್ಲಿ ಹಾಕಿಸಿಬಿಡಿ.